ಅಳತೆ ಮಾತು: ಕಾಗದದ ಕವಚ ಮೈಗೆ ಕೂರಬೇಕಾದರೆ

ಎರಡು ತಿಂಗಳ ಹಿಂದೆ ಇದೇ ಪುಟದಲ್ಲಿ, ನನ್ನ ತಂಗಿಯ ಮಗನಿಗೆ ಮಾಡಿಕೊಟ್ಟ ಕಾಗದದ ಶಿರಸ್ತ್ರಾಣದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಲ್ಲಿಂದೀಚೆಗೆ ಬ್ಲೌಸು, ಲಂಗದ ಪ್ರಶ್ನೆಗಳಿಗಿಂತ ಕವಚದ ಪ್ರಶ್ನೆಗಳೇ ಹೆಚ್ಚು ಬಂದಿವೆ. ಈ ಸಲದ ಪುಟ ಪೂರ್ತಿ ಅವಕ್ಕೇ ಮೀಸಲು.

ಹೊಸಬರಿಗೆ ಒಂದು ಮಾತು. ವೇಷಕ್ಕೆ ತೊಡುವ ಕವಚವನ್ನು ಕಾಗದದಲ್ಲೇ ಕಟ್ಟುವ ಬಗೆಯಿದು. ಕಂಪ್ಯೂಟರಿನಲ್ಲಿರುವ ಆಕೃತಿಯನ್ನು ಬಿಡಿಸಿ ಚಪ್ಪಟೆ ತುಂಡುಗಳಾಗಿ ಅಚ್ಚು ಹಾಕಿ, ಕತ್ತರಿಸಿ, ಮಡಿಸಿ, ಅಂಟಿಸಿ ಮತ್ತೆ ಆಕೃತಿಗೆ ತರುವ ಕೆಲಸ ಇದು. ಪೇಪರ್ ಕ್ರಾಫ್ಟ್ ಎಂಬ ಮಾತು ಜಪಾನಿನವರ ಬಾಯಲ್ಲಿ ಮೊಟಕಾಗಿ ‘ಪೆಪಕುರ’ ಆಯಿತು. ಅಲ್ಲಿನ ತಾಮಾ ಸಾಫ್ಟ್‌ವೇರ್ ಕಂಪನಿಯ ‘ಪೆಪಕುರ ಡಿಸೈನರ್’ ಎಂಬ ತಂತ್ರಾಂಶದಲ್ಲೇ ಹೆಚ್ಚಿನವರು ಈ ಕೆಲಸ ಮಾಡುವುದರಿಂದ ಕೆಲಸಕ್ಕೂ ಅದೇ ಹೆಸರು ನಿಂತಿದೆ. ನಾನು ಮೈಸೂರಿನಲ್ಲಿ ಮೂವತ್ತು ವರ್ಷ ಬಟ್ಟೆ ಹೊಲಿದವಳು, ಅದರಲ್ಲಿ ಹದಿನಾರು ವರ್ಷ ನಾಟಕದ ಉಡುಪು. ಕಂಪ್ಯೂಟರು ಹುಡುಗರಿಂದ ಕಲಿತದ್ದು. ಅಳತೆ ಮಾತ್ರ ನನ್ನದೇ ವಿದ್ಯೆ. ಹಾಗಾಗಿ ಅಳತೆಯ ಪ್ರಶ್ನೆಗಳನ್ನಷ್ಟೇ ಆರಿಸಿಕೊಂಡಿದ್ದೇನೆ.

ಅಕ್ಕ, ನಾನು ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಕಾಮಿಕ್ಸ್ ಪ್ರಿಯರು ವೇಷ ತೊಟ್ಟು ಸೇರುವ ಬೆಂಗಳೂರಿನ ಕಾಮಿಕ್ ಕಾನ್‌ಗೆಂದು ಕಂಪ್ಯೂಟರ್ ಆಟದ ಒಂದು ಪಾತ್ರದ ಪೂರ್ತಿ ಕವಚ ಮಾಡುತ್ತಿದ್ದೇನೆ. ಫೈಲಿನಲ್ಲಿ ಪಾತ್ರದ ಎತ್ತರ 210 ಸೆಂ.ಮೀ., ನನ್ನದು 163. ಭಾಗಿಸಿ ನೋಡಿ ಎಲ್ಲ ತುಂಡುಗಳನ್ನೂ ಶೇ. 78ಕ್ಕೆ ಇಳಿಸಿದೆ. ಮೊಣಕಾಲ ಕೆಳಗಿನ ತುಂಡು ಚೆನ್ನಾಗಿ ಕೂತಿತು. ಶಿರಸ್ತ್ರಾಣ ಕಿವಿಯ ಹತ್ತಿರ ಸಿಕ್ಕಿಕೊಳ್ಳುತ್ತದೆ. ಎಲ್ಲಿ ತಪ್ಪಿದೆ?
*— ಓದುಗ, ದಾವಣಗೆರೆ*

ಭಾಗಾಕಾರ ಸರಿಯಾಗಿಯೇ ಇದೆ. ಎತ್ತರವನ್ನು ಹಿಡಿದು ಭಾಗಿಸಿದ್ದರಿಂದ ತೊಂದರೆಯಾಗಿದೆ. ಚಿತ್ರ ಕಲಿಯುವ ಮಕ್ಕಳಿಗೆ ಮೇಷ್ಟ್ರು ಮೊದಲು ಹೇಳಿಕೊಡುವ ಪಾಠವೊಂದಿದೆ: ಸಾಮಾನ್ಯ ಮನುಷ್ಯನ ಎತ್ತರ ಅವನದೇ ತಲೆಯ ಏಳು, ಏಳೂವರೆ ಪಟ್ಟು. ವೀರನನ್ನು ಬರೆಯುವಾಗ ಎಂಟು ತಲೆ, ಕೆಲವೊಮ್ಮೆ ಇನ್ನೂ ಹೆಚ್ಚು ಇಡುತ್ತಾರೆ. ತಲೆ ಚಿಕ್ಕದಾದಷ್ಟೂ ಮೈ ದೊಡ್ಡದಾಗಿ ಕಾಣುತ್ತದೆ. ನಿಮ್ಮ ಆಟದ ಪಾತ್ರವೂ ಹಾಗೇ ಬರೆದದ್ದು. ಅದನ್ನು ನಿಮ್ಮೆತ್ತರಕ್ಕೆ ಇಳಿಸಿದಾಗ ಮೊದಲೇ ಚಿಕ್ಕದಿದ್ದ ತಲೆ ಇನ್ನೂ ಚಿಕ್ಕದಾಯಿತು. ಎತ್ತರ ಆರಡಿ ಇರಲಿ, ಐದೂಕಾಲಡಿ ಇರಲಿ, ದೊಡ್ಡವರ ತಲೆಯ ಸುತ್ತಳತೆಯಲ್ಲಿ ಮೂರು ನಾಲ್ಕು ಸೆಂಟಿಮೀಟರ್ ವ್ಯತ್ಯಾಸ ಸಿಕ್ಕರೆ ಹೆಚ್ಚು.

ಹಾಗಾಗಿ ಪ್ರತಿ ತುಂಡಿಗೂ ಅದರದೇ ಅಳತೆ ತೆಗೆಯಿರಿ. ರವಿಕೆಗೆ ಅಳತೆ ಕೊಡುವಾಗ ಯಾರೂ ತಮ್ಮ ಎತ್ತರ ಹೇಳಿ ಎದ್ದು ಹೋಗುವುದಿಲ್ಲವಲ್ಲ.

ತಲೆಯಿಂದ ಶುರು ಮಾಡೋಣ. ಟೇಪು ಸಾಲದು, ಎರಡು ದಪ್ಪ ಪುಸ್ತಕ, ಒಂದು ಸ್ಕೇಲು ಇಟ್ಟುಕೊಳ್ಳಿ. ಎರಡೂ ಕಿವಿಗೆ ಒಂದೊಂದು ಪುಸ್ತಕ ನೆಟ್ಟಗೆ ಒತ್ತಿ ಹಿಡಿದು, ನಡುವಿನ ಅಂತರವನ್ನು ಇನ್ನೊಬ್ಬರಿಂದ ಅಳೆಸಿ. ಅದು ಅಗಲ. ಗೋಡೆಗೆ ತಲೆಯ ಹಿಂಭಾಗ ತಾಗಿಸಿ ನಿಂತು ಮೂಗಿನ ತುದಿಗೆ ಪುಸ್ತಕ ಹಿಡಿಯಿರಿ, ಗೋಡೆಯಿಂದ ಪುಸ್ತಕಕ್ಕೆ ಎಷ್ಟೆಂದು ನೋಡಿ. ಅದು ಆಳ. ಗಲ್ಲದ ಕೆಳಗೊಂದು, ನೆತ್ತಿಯ ಮೇಲೊಂದು ಪುಸ್ತಕ ಇಟ್ಟರೆ ಎತ್ತರ. ಕನ್ನಡಕ ಹಾಕುವವರು ಕನ್ನಡಕದ ಜೊತೆಗೇ ಅಳೆಯಿರಿ. ಉದ್ದ ಕೂದಲಿನವರು ಆ ದಿನ ಹೇಗೆ ಕಟ್ಟಿಕೊಳ್ಳುತ್ತೀರೋ ಹಾಗೇ ಕಟ್ಟಿಕೊಂಡು ಕೂತುಕೊಳ್ಳಿ.

ನಿಮ್ಮ ಅಗಲ 18 ಸೆಂ.ಮೀ., ಆಳ 22 ಸೆಂ.ಮೀ. ಬಂತೆಂದು ಇಟ್ಟುಕೊಳ್ಳೋಣ. ಒಳಗೆ ಸ್ಪಂಜು ಅಂಟಿಸಲು ಎರಡೂ ಪಕ್ಕ ಎರಡೆರಡು ಸೆಂಟಿಮೀಟರ್ ಬೇಕು. ಅಂದರೆ ಒಳ ಅಗಲ 22. ಈಗ ಫೈಲಿನಲ್ಲಿ ಆ ಜಾಗ ಎಷ್ಟಿದೆ ಎಂದು ನೋಡಬೇಕು. ಇಲ್ಲೇ ತುಂಬ ಜನ ಎಡವುವುದು. ತಂತ್ರಾಂಶ ತೋರಿಸುವ ಅಗಲ, ಎತ್ತರ ಹೊರಗಿನದು. ಕಿವಿಯ ಮೇಲಿನ ಗುಬುಟು, ಹಣೆಯ ಚುಂಚು, ಕೊಂಬು ಇದ್ದರೆ ಕೊಂಬು, ಎಲ್ಲವೂ ಆ ಲೆಕ್ಕದಲ್ಲಿ ಸೇರಿರುತ್ತವೆ. ನಿಮ್ಮ ತಲೆ ಇರುವುದು ಒಳಗೆ. ಅದಕ್ಕೆ ನಾನು ಪೂರ್ತಿ ಶಿರಸ್ತ್ರಾಣಕ್ಕೆ ಕೈ ಹಾಕುವ ಮೊದಲು ಕಿವಿಯ ಮಟ್ಟದಲ್ಲಿ ಸುತ್ತ ಬರುವ ಏಳೆಂಟು ತುಂಡುಗಳನ್ನಷ್ಟೇ ಮಾಮೂಲಿ ಕಾಗದದಲ್ಲಿ ನೂರಕ್ಕೆ ನೂರು ಅಳತೆಯಲ್ಲಿ ಅಚ್ಚು ಹಾಕಿ, ಟೇಪಿನಿಂದ ಬಳೆಯ ಹಾಗೆ ಜೋಡಿಸುತ್ತೇನೆ. ಅದರ ಒಳ ಅಗಲ 24 ಬಂತೆನ್ನಿ. ಬೇಕಾದ್ದನ್ನು ಇರುವುದರಿಂದ ಭಾಗಿಸಿದರೆ, 22 ಭಾಗಿಸು 24, ಸುಮಾರು ಶೇ. 92. ನೀವು ಮಾಡಿದ್ದು 78. ಅಲ್ಲಿ ಒಳ ಅಗಲ 18.7 ಮಾತ್ರ, ಕಿವಿ ಹೇಗೆ ತಾನೇ ಇಳಿದೀತು?

ಇಷ್ಟಕ್ಕೇ ನಿಲ್ಲಿಸಬೇಡಿ. ತಲೆ ಒಳಗೆ ಹೋಗುವುದು ಕೆಳಗಿನ ಬಾಯಿಯಿಂದ. ನನ್ನ ತಂಗಿಯ ಮಗನ ಮೊದಲ ಶಿರಸ್ತ್ರಾಣಕ್ಕೆ ನಾನು ಪೇಟಕ್ಕೆ ಹಿಡಿಯುವ ಹಾಗೆ ಹಣೆಯ ಸುತ್ತ ಮಾತ್ರ ಟೇಪು ಹಿಡಿದಿದ್ದೆ. ಮೂರು ವಾರದ ಕೆಲಸ. ಒಳಗೆ ಬೇಕಾದಷ್ಟು ಜಾಗ ಇತ್ತು, ಆದರೆ ಕೆಳಗಿನ ಬಾಯಿ ಮೂಗಿನ ಹತ್ತಿರ ನಿಂತುಬಿಟ್ಟಿತು. ಹುಡುಗ ಏನೂ ಅನ್ನಲಿಲ್ಲ, ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತಿದ್ದ. ಆ ಮುಖ ನೆನಪಿರುವುದರಿಂದಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ನಿಮ್ಮ ಫೈಲಿನಲ್ಲಿ ಕೆಳಬಾಯಿಯ ಆಳ 23.5 ಇದ್ದರೆ, ಶೇ. 92ಕ್ಕೆ ಅದು 21.6 ಆಗುತ್ತದೆ. ನಿಮ್ಮ ಮೂಗಿನಿಂದ ಹಿಂದಲೆಗೆ 22. ತೂರುವುದಿಲ್ಲ. ಶೇ. 95ಕ್ಕೆ ಏರಿಸಿದರೆ 22.3, ಹೋಗುತ್ತದೆ. ಒಳ ಅಗಲ ಆಗ 22.8 ಆಗುತ್ತದೆ, ಹೆಚ್ಚಾದದ್ದನ್ನು ಸ್ಪಂಜು ತುಂಬಿಕೊಳ್ಳಲಿ. ಇಲ್ಲವೇ 92ರಲ್ಲೇ ಇಟ್ಟು, ಹಿಂಭಾಗವನ್ನು ಕತ್ತರಿಸಿ ಸಣ್ಣ ಅಯಸ್ಕಾಂತ ಹಾಕಿ ತೆಗೆದು ಮುಚ್ಚುವಂತೆ ಮಾಡಿ. ಕೆಲಸ ಹೆಚ್ಚು, ಆದರೆ ನೋಟಕ್ಕೆ ಅದೇ ಚೆಂದ.

ಎದೆಯ ತುಂಡಿಗೆ ಬನ್ನಿ. ಒಳಗೆ ತೊಡುವ ಅಂಗಿ ತೊಟ್ಟು, ಪೂರ್ತಿ ಉಸಿರೆಳೆದುಕೊಂಡು ಅಳೆಯಿರಿ. 90 ಬಂತೇ? ಸುತ್ತಲೂ 3 ಸೆಂ.ಮೀ. ಸಡಿಲ ಬೇಕಾದರೆ ಸುತ್ತಳತೆಗೆ 3 ಕೂಡಿಸಿದರೆ ಸಾಲದು, 3ನ್ನು 6.28ರಿಂದ ಗುಣಿಸಿ ಕೂಡಿಸಬೇಕು. ಸುಮಾರು 19 ಆಗುತ್ತದೆ, ಒಟ್ಟು 109. ಬಟ್ಟೆಯಲ್ಲಿ ನಾವು ಸುತ್ತಳತೆಗೆ ನಾಲ್ಕು ಬೆರಳು ಬಿಟ್ಟರೆ ಬಟ್ಟೆಯೇ ಮೈಗೆ ಹೊಂದಿಕೊಂಡು ಹೋಗುತ್ತದೆ. ರಟ್ಟು ಹೊಂದಿಕೊಳ್ಳುವುದಿಲ್ಲ. ಸುತ್ತಳತೆಗೆ 2 ಸೆಂ.ಮೀ. ಕೂಡಿಸಿದರೆ ಮೈಗೂ ಕವಚಕ್ಕೂ ನಡುವೆ ಸಿಗುವುದು ಮೂರೇ ಮಿಲಿಮೀಟರ್. ಹೊಲಿಗೆ ಬಲ್ಲವರು ಈ ಕೆಲಸಕ್ಕೆ ಬಂದಾಗ ಮೊದಲು ತಿದ್ದಿಕೊಳ್ಳಬೇಕಾದ ಕೈ ಇದು. ನಾನೂ ತಿದ್ದಿಕೊಂಡೆ.

ಹೀಗೆ ಮಾಡಿದರೆ ತಲೆಗೆ 95, ಎದೆಗೆ 85, ಮೊಣಕಾಲ ಕೆಳಗೆ ನೀವು ಈಗಾಗಲೇ ಮಾಡಿರುವ 78, ಹೀಗೆ ಬೇರೆ ಬೇರೆ ಬರುತ್ತದೆ. ಬರಲಿ. ನನ್ನ ಕಣ್ಣಿಗೆ ಪಕ್ಕಪಕ್ಕದ ತುಂಡುಗಳ ನಡುವೆ ನೂರಕ್ಕೆ ಹತ್ತರವರೆಗೂ ಅಂತರ ಇದ್ದರೆ ಗೊತ್ತಾಗುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ನಡುವಿನ ತುಂಡನ್ನು ಸ್ವಲ್ಪ ಹಿಗ್ಗಿಸಿ ಸರಿದೂಗಿಸಿ. ಹಣ ಕೊಟ್ಟು ಪರವಾನಗಿ ಪಡೆಯದ ಪೆಪಕುರ ಡಿಸೈನರಿನಲ್ಲಿ ಮಾಡಿದ ಬದಲಾವಣೆಯನ್ನು ಉಳಿಸಿಡಲು ಬರುವುದಿಲ್ಲ. ಯಾವ ತುಂಡಿಗೆ ಯಾವ ಸಂಖ್ಯೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಂದು ಹಾಳೆ ಹರಿದುಹೋದರೂ ಅದೇ ಅಳತೆಯಲ್ಲಿ ಮತ್ತೆ ಅಚ್ಚು ಹಾಕಬಹುದು.

ನನ್ನ ಮಗನಿಗೆ ಆರು ವರ್ಷ, ಎತ್ತರ 114 ಸೆಂ.ಮೀ. ಶಾಲೆಯ ವೇಷಭೂಷಣ ಸ್ಪರ್ಧೆಗೆ ಹನ್ನೆರಡು ದಿನ ಉಳಿದಿದೆ. ದೊಡ್ಡವರ ಅಳತೆಯ ಯೋಧನ ನಮೂನೆ ಸಿಕ್ಕಿದೆ. ಎಲ್ಲವನ್ನೂ ಶೇ. 70 ಮಾಡಿದರೆ ಸಾಕಲ್ಲವೇ ಮೇಡಂ?
*— ಓದುಗರು, ಶಿವಮೊಗ್ಗ*

ತಲೆಯ ತುಂಡನ್ನು ದಯವಿಟ್ಟು 70 ಮಾಡಬೇಡಿ ತಾಯಿ. 57 ಸೆಂ.ಮೀ. ತಲೆಗೆಂದು ಮಾಡಿದ ನಮೂನೆ ಶೇ. 70ಕ್ಕೆ 40 ಸೆಂ.ಮೀ. ಆಗುತ್ತದೆ. ಅದು ಮೂರು ತಿಂಗಳ ಕೂಸಿನ ತಲೆ. ಮಕ್ಕಳ ತಲೆ ಮೈಗಿಂತ ಬಹಳ ಮುಂಚೆಯೇ ಬೆಳೆದಿರುತ್ತದೆ. ಆರು ವರ್ಷದ ಮಗುವಿಗೆ ಸುತ್ತಳತೆ 51ರ ಆಸುಪಾಸು ಇರುತ್ತದೆ, ದೊಡ್ಡವರಿಗಿಂತ ಐದಾರು ಸೆಂಟಿಮೀಟರ್ ಮಾತ್ರ ಕಡಿಮೆ. ಆದ್ದರಿಂದ ತಲೆಗೆ ಶೇ. 90, ಎದೆಗೆ, ಕೈಗೆ, ಕಾಲಿಗೆ ಶೇ. 66ರಿಂದ 70. ನಿಮ್ಮ ಮಗನ ತಲೆಗೆ ಟೇಪು ಹಿಡಿದು ಖಚಿತ ಮಾಡಿಕೊಳ್ಳಿ. ವೇದಿಕೆಯ ಮೇಲೆ ತಲೆ ದೊಡ್ಡದಾಗಿ ಕಂಡರೆ ಚಿಂತೆ ಬೇಡ, ಆ ವಯಸ್ಸಿನ ಮಗುವಿನ ರೂಪವೇ ಹಾಗೆ.

ಹನ್ನೆರಡು ದಿನಕ್ಕೆ ಪೂರ್ತಿ ಕವಚ ಬೇಡ. ತಲೆ, ಎದೆ, ಎರಡು ಭುಜ, ಎರಡು ಮುಂಗೈ ಇಷ್ಟು ಸಾಕು. ಶೇ. 66ಕ್ಕೆ ಇಳಿಸಿದಾಗ ಹಾಳೆ ಅರ್ಧಕ್ಕಿಂತಲೂ ಕಡಿಮೆ ಹಿಡಿಯುತ್ತದೆ, ಅದು ಲಾಭ. ಆದರೆ ಬೆರಳಿಗೆ ಸಿಗದಂಥ ಸಣ್ಣ ಮಡಿಕೆಗಳು ಬರುತ್ತವೆ. ಅಂಥ ಚಿಕ್ಕ ಅಲಂಕಾರಗಳನ್ನು ಬಿಟ್ಟು ಅಲ್ಲಿ ಚಪ್ಪಟೆ ತುಂಡು ಹಾಕಿ ಬಣ್ಣದಲ್ಲಿ ಗೆರೆ ಎಳೆಯಿರಿ. 200 ಜಿಎಸ್‌ಎಂ ಐವರಿ ಹಾಳೆ, ಒಳಗಿನಿಂದ ಮಾಸ್ಕಿಂಗ್ ಟೇಪು, ಅಷ್ಟೇ. ಕಾಗದ ಗಟ್ಟಿಯಾಗಲೆಂದು ಹಚ್ಚುವ ರೆಸಿನ್ ಎಂಬ ರಾಸಾಯನಿಕ ಅಂಟನ್ನು ಹತ್ತಿರವೂ ತರಬೇಡಿ. ಮುಖ ತೆರೆದಿರಲಿ, ವೇದಿಕೆಯ ಮೆಟ್ಟಿಲು ಅವನಿಗೆ ಕಾಣಬೇಕು. ಸೊಂಟದ ಕೆಳಗೆ ಏನೂ ಕಟ್ಟಬೇಡಿ. ಸರದಿ ಬರುವವರೆಗೆ ಮಗು ಎರಡು ಗಂಟೆ ಕಾಯಬೇಕಾಗಬಹುದು, ನಡುವೆ ಬಚ್ಚಲಿಗೆ ಹೋಗಬೇಕಾಗುತ್ತದೆ. ಹಿಂದಿನ ದಿನ ತೊಡಿಸಿ ಒಂದು ಸಲ ಕೂತು ಏಳಿಸಿ, ಓಡಿಸಿ ನೋಡಿ.

ಮುಂಗೈ ಕವಚ ಮಾಡಿದೆ. ಮಣಿಕಟ್ಟಿನ ಸುತ್ತಳತೆ 17 ಸೆಂ.ಮೀ. ಇದೆ, ಕವಚದ ತುದಿಯನ್ನು 20ಕ್ಕೆ ಇಟ್ಟೆ. ಕೈಯೇ ತೂರುತ್ತಿಲ್ಲ.
*— ಓದುಗ, ಹುಬ್ಬಳ್ಳಿ*

ಬಳೆ ಅಂಗಡಿಯಲ್ಲಿ ಒಂದರ್ಧ ಗಂಟೆ ನಿಂತು ನೋಡಿ. ಬಳೆಗಾರ ಮಣಿಕಟ್ಟನ್ನು ನೋಡುವುದೇ ಇಲ್ಲ. ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಗೆಣ್ಣುಗಳನ್ನು ಒತ್ತಿ ಹಿಡಿದು, ಅತಿ ದಪ್ಪ ಇರುವ ಜಾಗ ನೋಡಿ ‘ಎರಡು-ಆರು’ ಅನ್ನುತ್ತಾನೆ. ಎರಡು ಇಂಚು ಮತ್ತು ಒಂದು ಇಂಚಿನ ಹದಿನಾರರಲ್ಲಿ ಆರು ಭಾಗ, ಅದು ಬಳೆಯ ಒಳವ್ಯಾಸ. ಸೆಂಟಿಮೀಟರಿನಲ್ಲಿ ಆರಕ್ಕೆ ಚೂರು ಹೆಚ್ಚು, ಸುತ್ತಳತೆ 19ರ ಹತ್ತಿರ. ಮಣಿಕಟ್ಟು ಎಷ್ಟೇ ಸಣ್ಣದಿದ್ದರೂ ಬಳೆ ದಾಟಬೇಕಾದದ್ದು ಆ ಗೆಣ್ಣುಗಳನ್ನು. ನಿಮ್ಮ ಕೈಯನ್ನೂ ಹಾಗೇ ಮಡಿಸಿ, ಕೈಗವಸು ಹಾಕುವುದಾದರೆ ಹಾಕಿಕೊಂಡು ಟೇಪು ಹಿಡಿಯಿರಿ. ಗಂಡಸರ ಕೈ, ಅದರ ಮೇಲೆ ಗವಸು, 24–25 ಬರುತ್ತದೆ.

ಈಗ ಎರಡು ದಾರಿ. ತುದಿಯನ್ನೇ 25 ಮಾಡಿದರೆ ಕೈ ಸಲೀಸಾಗಿ ಹೋಗುತ್ತದೆ, ಮಣಿಕಟ್ಟಿನಲ್ಲಿ ಜೋತಾಡುತ್ತದೆ. ನನಗೆ ಅದು ಇಷ್ಟವಿಲ್ಲ. ತುದಿ 20ರಲ್ಲೇ ಇರಲಿ. ಒಳಮೈಯ ಕಡೆ, ಅಂದರೆ ಕೈ ಇಳಿಬಿಟ್ಟಾಗ ಸೊಂಟದ ಕಡೆ ಬರುವ ಸಾಲಿನಲ್ಲಿ ಉದ್ದಕ್ಕೆ ಸೀಳಿ ವೆಲ್ಕ್ರೊ ಹಾಕಿ, ಇಲ್ಲವೇ ಎಲಾಸ್ಟಿಕ್ಕಿಗೆ ಹುಕ್ಕು ಹೊಲಿದು ಕೂರಿಸಿ. ಬಿಗಿ ತೋಳಿನ ರವಿಕೆಗೆ ನಾವು ಹುಕ್ಕು-ಕಾಜ ಇಡುವುದೂ ಇದಕ್ಕೇ. ಮೊಣಕಾಲ ಕೆಳಗಿನ ತುಂಡಿಗೂ ಇದೇ ಮಾತು. ಅಲ್ಲಿ ದಾಟಬೇಕಾದದ್ದು ಹಿಮ್ಮಡಿ. ಚೂಡಿದಾರದ ಕಾಲಿಗೆ ಅಳತೆ ತೆಗೆಯುವಂತೆ ಹಿಮ್ಮಡಿಯಿಂದ ಪಾದದ ಮೇಲ್ಗಡೆಗೆ ಓರೆಯಾಗಿ ಟೇಪು ಹಿಡಿಯಬೇಕು. ತೊಡೆಯ ತುಂಡನ್ನು ಮಾತ್ರ ನಿಂತು ಅಳೆಯಲೇಬೇಡಿ. ಕೂತಾಗ ತೊಡೆ ಹರಡಿ ದಪ್ಪವಾಗುತ್ತದೆ, ಕೂತೇ ಅಳೆಯಿರಿ.

ಗಂಡಸರಿಗೆಂದು ಮಾಡಿದ ಎದೆಕವಚದ ನಮೂನೆ ಶೇ. 88ಕ್ಕೆ ನನ್ನ ಸುತ್ತಳತೆಗೆ ಸರಿಹೋಗುತ್ತದೆ, ಉದ್ದ ಮಾತ್ರ ಹೆಚ್ಚಾಗುತ್ತದೆ. ಕೂತರೆ ತೊಡೆಗೆ ತಾಗಿ ಮೇಲೆದ್ದು ಕುತ್ತಿಗೆಗೆ ಒತ್ತುತ್ತದೆ. ಉದ್ದಕ್ಕೆ ತಕ್ಕಂತೆ ಇಳಿಸಿದರೆ ಉಸಿರಾಡಲು ಆಗುವುದಿಲ್ಲ. ಏನು ಮಾಡಲಿ ಅಕ್ಕ?
*— ಓದುಗಳು, ಮಂಗಳೂರು*

ನಿಮ್ಮ ಪತ್ರ ಓದಿ ಸಂತೋಷವಾಯಿತು. ತೊಂದರೆ ಯಾವ ಕಡೆಯದು ಎಂದು ನೀವೇ ಸರಿಯಾಗಿ ಗುರುತಿಸಿದ್ದೀರಿ. ಒಂದೇ ಶೇಕಡಾ ಸಂಖ್ಯೆ ಉದ್ದವನ್ನೂ ಅಗಲವನ್ನೂ ಒಟ್ಟಿಗೇ ಎಳೆಯುತ್ತದೆ. ಹೆಂಗಸರ ಮೈಗೆ ಅದು ಎಂದೂ ಸರಿಹೋಗುವುದಿಲ್ಲ.

ಮೊದಲು ನಿಮ್ಮ ಉದ್ದ ತಿಳಿಯಬೇಕು. ಕುರ್ಚಿಯ ಮೇಲೆ ನೆಟ್ಟಗೆ ಕೂತು, ಕುತ್ತಿಗೆಯ ಕೆಳಗಿನ ಕುಳಿಯಿಂದ ಹೊಟ್ಟೆ ಮಡಿಚುವ ಜಾಗದವರೆಗೆ ಅಳೆಯಿರಿ. ಕವಚ ಅದಕ್ಕಿಂತ ಒಂದೆರಡು ಬೆರಳು ಮೇಲೇ ನಿಲ್ಲಬೇಕು. ಆ ಬೆರಳುಗಳನ್ನು ಕಳೆದು ನಿಮಗೆ 36 ಬಂದು, ಶೇ. 88ರ ತುಂಡು 44 ಇದೆ ಎಂದುಕೊಳ್ಳೋಣ. 8 ಸೆಂ.ಮೀ. ತೆಗೆಯಬೇಕು.

ಕಂಪ್ಯೂಟರ್ ಬಲ್ಲವರಾದರೆ ಮೂಲ ಆಕೃತಿಯನ್ನು ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ಎತ್ತರದ ದಿಕ್ಕಿಗೆ ಮಾತ್ರ ಶೇ. 82ಕ್ಕೆ ಕುಗ್ಗಿಸಿ, ಮತ್ತೆ ಪೆಪಕುರಕ್ಕೆ ತಂದು ಹೊಸದಾಗಿ ಬಿಡಿಸಬೇಕು. ಬಿಡಿಸಿಟ್ಟ ಚಪ್ಪಟೆ ತುಂಡುಗಳನ್ನು ಒಂದೇ ದಿಕ್ಕಿಗೆ ಎಳೆಯಬಾರದು. ಒಂದೊಂದು ತುಂಡೂ ಹಾಳೆಯ ಮೇಲೆ ಒಂದೊಂದು ದಿಕ್ಕಿಗೆ ಮಲಗಿರುವುದರಿಂದ ಅಂಚಿಗೆ ಅಂಚು ಸೇರುವುದಿಲ್ಲ.

ನನಗೆ ಇಷ್ಟವಾದದ್ದು ಕತ್ತರಿಯ ದಾರಿ. ಶೇ. 88ಕ್ಕೆ ತೆಳು ಹಾಳೆಯಲ್ಲಿ ಒಂದು ಕಚ್ಚಾ ಎದೆಕವಚ ಮಾಡಿ, ನಾವು ಹಳೆಯ ಕಾಟನ್ ಬಟ್ಟೆಯಲ್ಲಿ ಮೊದಲು ಕತ್ತರಿಸಿ ನೋಡುವ ಹಾಗೆ. ಮೈಮೇಲೆ ಇಟ್ಟುಕೊಂಡು, ಅಲಂಕಾರ ಕಡಿಮೆ ಇರುವ ಕಡೆ ಅಡ್ಡಲಾಗಿ ಪೆನ್ಸಿಲಿನಿಂದ ಪಟ್ಟಿ ಗುರುತಿಸಿ. 8 ಸೆಂಟಿಮೀಟರನ್ನು ಒಂದೇ ಕಡೆ ತೆಗೆದರೆ ಕವಚ ಕೆಳಕ್ಕೆ ಕಿರಿದಾಗುತ್ತಾ ಹೋಗುವುದರಿಂದ ಮೇಲಿನ ಅಂಚು ಉದ್ದ, ಕೆಳಗಿನ ಅಂಚು ಗಿಡ್ಡ ಆಗಿ ಮೆಟ್ಟಿಲು ಬೀಳುತ್ತದೆ. ಎರಡು ಕಡೆ ನಾಲ್ಕು ನಾಲ್ಕು ತೆಗೆಯಿರಿ. ಉಳಿಯುವ ಸಣ್ಣ ಹೊಂದಾಣಿಕೆಯನ್ನು ಪಕ್ಕದ ಅಂಚಿನಲ್ಲಿ ಸವರಿಬಿಡಬಹುದು. ಎದೆಯ ಭಾಗದಲ್ಲಿ ಜಾಗ ಸಾಲದಿದ್ದರೆ ನಡುಗೆರೆಯನ್ನು ಸೀಳಿ ಉದ್ದಕ್ಕೆ ಒಂದು ಪಟ್ಟಿ ಸೇರಿಸಿ. ಎರಡು ಬಟ್ಟಲಿನ ಹಾಗೆ ಉಬ್ಬು ಮಾಡುವ ನಮೂನೆಗಳು ಬಹಳ ಇವೆ, ನಾನು ಅವನ್ನು ಯಾರಿಗೂ ಮಾಡಿಕೊಡುವುದಿಲ್ಲ. ಇಡೀ ಎದೆಯ ಮೇಲೆ ಒಂದೇ ಉಬ್ಬು ಬಂದರೆ ಉಸಿರಿಗೆ ಜಾಗ, ಕವಚಕ್ಕೂ ಗಾಂಭೀರ್ಯ. ಮುಂದಿನ ಹಿಂದಿನ ತುಂಡುಗಳನ್ನು ಪಕ್ಕದಲ್ಲಿ ಅಂಟಿಸಬೇಡಿ, ಬೆಲ್ಟಿನ ಬಕಲ್ ಹಾಕಿ.

ಈ ಕಚ್ಚಾ ಕವಚವನ್ನು ಬಿಚ್ಚಿ ಮತ್ತೆ ಚಪ್ಪಟೆ ಮಾಡಿದರೆ ಅದೇ ನಿಮ್ಮ ಹೊಸ ನಮೂನೆ. ಅದನ್ನು ಇಟ್ಟುಕೊಳ್ಳಿ, ಬಿಸಾಡಬೇಡಿ.

ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇನೆ, ಊರು ತುಮಕೂರು. ಭಾರತದ ಗೆಳೆಯ ತನ್ನ ಅಳತೆಗೆ ಸರಿಮಾಡಿ ಕಳಿಸಿದ ಫೈಲು ಅವನಿಗೆ ಸರಿಯಾಗಿ ಕೂರುತ್ತದೆ. ನಮ್ಮಿಬ್ಬರ ತಲೆಯ ಅಳತೆ ಒಂದೇ. ಇಲ್ಲಿ ಅಚ್ಚು ಹಾಕಿದರೆ ಚಿಕ್ಕದಾಗಿ ಬಂತು.
*— ಓದುಗರು, ನ್ಯೂಜೆರ್ಸಿ*

ನಿಮ್ಮಲ್ಲಿ ಹಾಳೆ ಬೇರೆ. ಇಲ್ಲಿನ ಎ4 ಹಾಳೆ 210 ಗುಣಿಸು 297 ಮಿ.ಮೀ., ಅಲ್ಲಿನ ಲೆಟರ್ ಹಾಳೆ 216 ಗುಣಿಸು 279. ಎ4 ಪುಟವನ್ನು ಲೆಟರ್ ಹಾಳೆಗೆ ಹಿಡಿಸಲು ಪ್ರಿಂಟರ್ ತಾನಾಗಿಯೇ ಸುಮಾರು ಶೇ. 94ಕ್ಕೆ ಕುಗ್ಗಿಸುತ್ತದೆ. 60 ಸೆಂ.ಮೀ. ಸುತ್ತಳತೆ 56.4 ಆಯಿತು ನೋಡಿ. ತಂತ್ರಾಂಶದಲ್ಲಿ ಮೊದಲು ಹಾಳೆಯನ್ನು ಲೆಟರ್ ಎಂದು ಬದಲಿಸಿ, ತುಂಡುಗಳನ್ನು ಪುಟದ ಗೆರೆಯೊಳಗೆ ಮತ್ತೆ ಜೋಡಿಸಿ, ‘ಆಕ್ಚುಯಲ್ ಸೈಜ್’ ಎಂದು ಕೊಟ್ಟು ಅಚ್ಚು ಹಾಕಿ.

ಇಲ್ಲಿರುವವರೂ ಇದನ್ನು ಓದಿಕೊಳ್ಳಿ. ಜೆರಾಕ್ಸ್ ಅಂಗಡಿಯಲ್ಲಿ ‘ಫಿಟ್ ಟು ಪೇಜ್’ ಎಂದು ಒತ್ತಿಬಿಟ್ಟರೂ ಇದೇ ಗತಿ. ನಾನು ಪ್ರತಿ ಪುಟದ ಮೂಲೆಯಲ್ಲಿ 10 ಸೆಂ.ಮೀ. ಗೆರೆಯೊಂದನ್ನು ಇಟ್ಟಿರುತ್ತೇನೆ. ಮೊದಲ ಹಾಳೆ ಹೊರಬಂದ ತಕ್ಷಣ ಅಂಗಡಿಯಲ್ಲೇ ಸ್ಕೇಲು ಇಟ್ಟು ನೋಡುತ್ತೇನೆ. 9.7 ಬಂದರೆ ಅಲ್ಲೇ ನಿಲ್ಲಿಸಿ ಎನ್ನುತ್ತೇನೆ. ನಲವತ್ತು ಹಾಳೆ ಆದ ಮೇಲೆ ನೋಡಿ ಪ್ರಯೋಜನವಿಲ್ಲ.

ಕಾಗದದ ನಮೂನೆಯನ್ನೇ ಇಟ್ಟುಕೊಂಡು 10 ಮಿ.ಮೀ. ದಪ್ಪದ ಇವಿಎ ಫೋಮಿನಲ್ಲಿ (ಮೆತ್ತಗಿನ ರಬ್ಬರಿನಂಥ ಹಾಳೆ) ಕತ್ತರಿಸಬಹುದೇ? ಅಳತೆ ಬದಲಿಸಬೇಕೇ?
*— ಓದುಗ, ಬಳ್ಳಾರಿ*

ಕತ್ತರಿಸಬಹುದು, ಬದಲಿಸಲೇಬೇಕು. ನಮೂನೆಯನ್ನು ಫೋಮಿನ ಹೊರಮೈ ಎಂದು ಹಿಡಿದು ಅಂಚುಗಳನ್ನು ಒಳಕ್ಕೆ ಓರೆಯಾಗಿ ಕತ್ತರಿಸಿದರೆ, 10 ಮಿ.ಮೀ. ದಪ್ಪ ಒಳಸುತ್ತಳತೆಯಿಂದ 6.3 ಸೆಂ.ಮೀ. ತಿಂದುಹಾಕುತ್ತದೆ. ನಿಮಗೆ ಬೇಕಾದ ಒಳಸುತ್ತಳತೆಗೆ ಮೊದಲು 6.3 ಕೂಡಿಸಿ, ಆಮೇಲೆ ಭಾಗಿಸಿ. ಫೋಮಿಗೆ ಸಣ್ಣ ಸಣ್ಣ ಮಡಿಕೆಗಳೂ ಬೇಡ, ಎರಡು ಮೂರು ತುಂಡುಗಳನ್ನು ಒಂದಾಗಿ ಸೇರಿಸಿಬಿಡಿ. ಅದು ಬಾಗುತ್ತದೆ.

ಒಣಗಿದಾಗ ಸರಿಯಾಗಿದ್ದ ಶಿರಸ್ತ್ರಾಣ ಫೈಬರ್‌ಗ್ಲಾಸ್ ರೆಸಿನ್ ಹಚ್ಚಿದ ಮೇಲೆ ಪಕ್ಕದಿಂದ ಒಂದೂವರೆ ಸೆಂ.ಮೀ. ಕುಗ್ಗಿಹೋಗಿದೆ.
*— ಓದುಗ, ಉಡುಪಿ*

ನಿಮ್ಮೂರಿನ ಮಳೆಗಾಲದ ತೇವಕ್ಕೇ ಕಾಗದ ಅರ್ಧ ಮೆತ್ತಗಾಗಿರುತ್ತದೆ, ಅದರ ಮೇಲೆ ದಪ್ಪ ರೆಸಿನ್ ಬಿದ್ದರೆ ಭಾರಕ್ಕೆ ಪಕ್ಕಗಳು ಒಳಕ್ಕೆ ಬಾಗುತ್ತವೆ. ಹಚ್ಚುವ ಮೊದಲು ಕೆಳಬಾಯಿಗೆ ಅಡ್ಡಲಾಗಿ, ಕಿವಿಯಿಂದ ಕಿವಿಗೆ ಮತ್ತು ಮೂಗಿನಿಂದ ಹಿಂದಕ್ಕೆ, ಬೇಕಾದ ಅಳತೆಗೇ ಕತ್ತರಿಸಿದ ಬಿದಿರಿನ ಕಡ್ಡಿ ಅಥವಾ ದಪ್ಪ ರಟ್ಟಿನ ಪಟ್ಟಿಯ ಆಸರೆ ಕೊಡಿ. ಮೊದಲ ಕೋಟು ತೆಳುವಾಗಿರಲಿ. ಪೂರ್ತಿ ಗಟ್ಟಿಯಾದ ಮೇಲೆ ಒಳಗೆ ಗಾಜಿನ ನಾರಿನ ಬಟ್ಟೆ ಕೂರಿಸಿ, ಆಮೇಲೆ ಆಸರೆ ತೆಗೆಯಿರಿ. ಬಟ್ಟೆ, ರೆಸಿನ್, ಮೇಲಿನ ಪುಟ್ಟಿ ಸೇರಿ ಎರಡರಿಂದ ನಾಲ್ಕು ಮಿಲಿಮೀಟರ್ ದಪ್ಪ ಬರುತ್ತದೆ. ಅದನ್ನೂ ಸಡಿಲಿನ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳಿ.

ಒಂದು ಕಟ್ಟುನಿಟ್ಟಿನ ಮಾತು: ರೆಸಿನ್ ಹಚ್ಚುವುದು ಬಯಲಲ್ಲಿ, ರಾಸಾಯನಿಕದ ಆವಿ ತಡೆಯುವ ಕಾರ್ಟ್ರಿಜ್ ಇರುವ ಮುಖಗವಸು ಹಾಕಿಕೊಂಡು. ಮೂಗಿಗೆ ಕಟ್ಟಿದ ಕರವಸ್ತ್ರ ಆ ಹೊಗೆಯನ್ನು ತಡೆಯುವುದಿಲ್ಲ. ಮುಚ್ಚಿದ ಕೋಣೆಯಲ್ಲಿ, ಮಕ್ಕಳಿರುವ ಮನೆಯ ಅಂಗಳದಲ್ಲಿ ಬೇಡವೇ ಬೇಡ.

ನಾನು ಮತ್ತು ನನ್ನ ತಮ್ಮ ಒಂದೇ ಕವಚವನ್ನು ಸರದಿಯಂತೆ ತೊಡಬೇಕೆಂದಿದ್ದೇವೆ. ನಾನು 158 ಸೆಂ.ಮೀ., ಅವನು 176. ಇಬ್ಬರ ಅಳತೆಯ ಸರಾಸರಿ ತೆಗೆದುಕೊಳ್ಳಬಹುದೇ?
*— ಓದುಗಳು, ಶಿರಸಿ*

ಸರಾಸರಿ ತೆಗೆದರೆ ನಿಮಗೆ ಸಡಿಲ, ಅವನಿಗೆ ಬಿಗಿ, ಇಬ್ಬರಿಗೂ ಸುಖವಿಲ್ಲ. ನಿಮ್ಮೂರಿನಲ್ಲೇ ಉತ್ತರ ಇದೆ. ಯಕ್ಷಗಾನದ ಚೌಕಿಗೆ, ಅಂದರೆ ಕಲಾವಿದರು ವೇಷ ಕಟ್ಟಿಕೊಳ್ಳುವ ಜಾಗಕ್ಕೆ, ಒಂದು ರಾತ್ರಿ ಹೋಗಿ ಕೂತುಕೊಳ್ಳಿ. ಭುಜಕೀರ್ತಿ, ಎದೆಪದಕ, ತೋಳ್ಕಟ್ಟು ಎಲ್ಲ ಹಗುರ ಮರದ ಗಟ್ಟಿ ಸಾಮಾನು, ಬಾಗುವಂಥದ್ದಲ್ಲ. ಆದರೂ ಮೇಳದ ಪೆಟ್ಟಿಗೆಯಲ್ಲಿರುವ ಅದೇ ಸಾಮಾನು ಇಂದು ತೆಳ್ಳಗಿನ ಕಲಾವಿದನಿಗೂ ನಾಳೆ ದಪ್ಪ ಮೈಯವನಿಗೂ ಆಗುತ್ತದೆ. ಏಕೆಂದರೆ ಯಾವುದೂ ಮೈಯನ್ನು ಸುತ್ತುವರಿದ ಬಳೆಯಲ್ಲ. ಬಿಡಿ ಬಿಡಿ ತುಂಡುಗಳು, ದಾರ ಎಳೆದು ಕಟ್ಟುತ್ತಾರೆ, ಅಷ್ಟೇ. ಕೇದಿಗೆ ಮುಂದಲೆ ಎಂಬ ತಲೆಯುಡುಗೆಯನ್ನಂತೂ ಪ್ರತಿ ರಾತ್ರಿ ಆ ತಲೆಯ ಮೇಲೇ ಬಟ್ಟೆ ಸುತ್ತಿ ಸುತ್ತಿ ಕಟ್ಟುತ್ತಾರೆ, ಅಳತೆಯ ಮಾತೇ ಬರುವುದಿಲ್ಲ. ವೇಷ ಕಟ್ಟುವವರ ಕೈಯನ್ನೇ ನೋಡಿ, ಎಲ್ಲಿ ಗಂಟು ಬರುತ್ತದೆ ಎನ್ನುವುದನ್ನು ಬರೆದುಕೊಳ್ಳಿ. ನಾಟಕದ ಉಡುಪು ಹೊಲಿಯುವ ಕಾಲದಲ್ಲಿ ನಾನು ಹಾಗೆ ಬರೆದುಕೊಂಡ ಪುಸ್ತಕ ಇನ್ನೂ ಇದೆ.

ನಿಮ್ಮ ಕವಚಕ್ಕೂ ಅದನ್ನೇ ಮಾಡಿ. ತಮ್ಮನ ಅಳತೆಗೆ ಎಲ್ಲ ತುಂಡು ಮಾಡಿ. ಎದೆಯ ತುಂಡಿನ ಮುಂಭಾಗ ಹಿಂಭಾಗಗಳನ್ನು ಭುಜದ ಮೇಲೆ ಎರಡು, ಪಕ್ಕಗಳಲ್ಲಿ ನಾಲ್ಕು ಪಟ್ಟಿಗಳಿಂದ ಕಟ್ಟಿ. ಪಟ್ಟಿಗೆ ಒಂದೊಂದು ಇಂಚಿಗೆ ತೂತು ಇರಲಿ. ನೀವು ತೊಡುವಾಗ ಪಕ್ಕ ಎಳೆದು ಬಿಗಿಮಾಡಿ, ಭುಜದ ಪಟ್ಟಿಯನ್ನು ಎರಡು ತೂತು ಗಿಡ್ಡಮಾಡಿ. ಶಿರಸ್ತ್ರಾಣ ಒಂದೇ ಸಾಕು. ಒಳಗಿನ ಸ್ಪಂಜನ್ನು ವೆಲ್ಕ್ರೊದಿಂದ ಕೂರಿಸಿ, ದಪ್ಪದ್ದು ಒಂದು ಜೊತೆ, ತೆಳುವಿನದು ಒಂದು ಜೊತೆ. ಮೊಣಕಾಲ ಕೆಳಗಿನ ತುಂಡನ್ನು ಮಾತ್ರ ಇಬ್ಬರಿಗೂ ಬೇರೆ ಬೇರೆ ಮಾಡಲೇಬೇಕು. ಅಲ್ಲಿ ಉದ್ದ ಹೆಚ್ಚಾದರೆ ಮೊಣಕಾಲು ಮಡಿಚಲಾಗದು, ಮೆಟ್ಟಿಲಿಳಿಯುವಾಗ ಮುಗ್ಗರಿಸುತ್ತೀರಿ. ಅದಕ್ಕೆ ಎಂಟು ಹತ್ತು ಹಾಳೆ ಹೆಚ್ಚು ಹೋದರೂ ಹೋಗಲಿ. ಇಬ್ಬರ ಮೊಣಕಾಲಿನಿಂದ ಪಾದದ ಗಂಟಿನವರೆಗಿನ ಅಳತೆಯನ್ನು ನನಗೆ ಬರೆದು ಕಳಿಸಿ, ಶೇಕಡಾ ಲೆಕ್ಕ ನಾನೇ ಹಾಕಿಕೊಡುತ್ತೇನೆ.